ಪೆರೂಜಾ ಬೆಟ್ಟದ ಮೇಲೆ ಇಟಾಲಿಯನ್ ಅಕ್ಷರಾಭ್ಯಾಸ

ಇಟಲಿ ದೇಶದ ನಡುಭಾಗದಲ್ಲಿ ಉಂಬ್ರಿಯಾ ಎಂಬ ಪ್ರಾಂತವಿದೆ. ಸಮುದ್ರದ ಸೋಂಕಿಲ್ಲದ, ಆಲಿವ್ ತೋಪುಗಳ, ದ್ರಾಕ್ಷಿ ತೋಟಗಳ, ಗುಡ್ಡಗಾಡಿನ ಸೀಮೆ ಅದು. ಅದರ ರಾಜಧಾನಿಯೇ ಪೆರೂಜಾ. ರೈಲು ನಿಲ್ದಾಣ ಕೆಳಗೆ, ಹಳೆಯ ಊರು ಬೆಟ್ಟದ ನೆತ್ತಿಯ ಮೇಲೆ. 2008ರಿಂದ ಚಾಲಕನಿಲ್ಲದ ಪುಟ್ಟ ಮೆಟ್ರೊ ಗಾಡಿಗಳು ಜನರನ್ನು ಮೇಲಕ್ಕೆ ಒಯ್ಯುತ್ತವೆ. ಇನ್ನೊಂದು ದಾರಿಯಲ್ಲಿ ಹೋದರೆ, ಹದಿನಾರನೆಯ ಶತಮಾನದಲ್ಲಿ ಪೋಪ್ ಮೂರನೆಯ ಪಾಲ್ ಕಟ್ಟಿಸಿದ ಕೋಟೆಯ ನೆಲಮಾಳಿಗೆಯೊಳಗಿಂದ ಏರುವ ಯಾಂತ್ರಿಕ ಮೆಟ್ಟಿಲುಗಳಿವೆ. ಕೋಟೆಯ ಅಡಿಯಲ್ಲಿ ಹೂತುಹೋದ ಹಳೆಯ ಓಣಿಗಳ ನಡುವೆ ಸಾಗಿ, ಮೇಲೆ ಬೆಳಕಿಗೆ ಬಂದು ನಿಂತಾಗ ಎದುರಿಗೆ ಇಡೀ ಕಣಿವೆ ಹರಡಿಕೊಂಡಿರುತ್ತದೆ.

ಈ ಊರಿನಲ್ಲಿ ನಾವು ದಂಪತಿಗಳು ತೊಂಬತ್ತು ದಿನ ಇದ್ದೆವು. ಮಗ-ಸೊಸೆ ಅಲ್ಲಿ ಉದ್ಯೋಗದಲ್ಲಿದ್ದಾರೆ. ಮೊಮ್ಮಗನಿಗೆ ಆರು ವರ್ಷ. ದೇಶ ಬಿಟ್ಟು ನೆಲೆಸಿದ ಮಕ್ಕಳಿರುವ ನಮ್ಮ ಅನೇಕ ಮನೆಗಳ ಹಿರಿಯರು ಕಂಡಿರುವ ಸಂಗತಿಯೇ ನಮ್ಮ ಮುಂದೆಯೂ ಬಂದಿತು. ಮೂರು ವರ್ಷದವನಿದ್ದಾಗ ದೂರವಾಣಿಯಲ್ಲಿ ಕನ್ನಡದಲ್ಲಿ ಮುದ್ದುಮಾತನಾಡುತ್ತಿದ್ದ ಮಗು ಈಗ ನಾವು ಕನ್ನಡದಲ್ಲಿ ಕೇಳಿದುದಕ್ಕೆ ಇಟಾಲಿಯನ್ನಿನಲ್ಲಿ ಉತ್ತರ ಕೊಡುತ್ತಿತ್ತು. ನೀರು ಬೇಕಾದರೆ 'ಆಕ್ವಾ', ಬೇಡವಾದರೆ 'ನೋ, ಗ್ರಾತ್ಸಿಯೆ'. ತಾಯಿ ನಡುವೆ ನಿಂತು ಅನುವಾದಿಸಬೇಕಾಗಿತ್ತು. ಅಜ್ಜ-ಮೊಮ್ಮಗನ ನಡುವೆ ದುಭಾಷಿಯೊಬ್ಬರು ಬೇಕಾದರೆ ಆ ಸಂಬಂಧದಲ್ಲಿ ಉಳಿಯುವುದೇನು? ಈ ಪ್ರಶ್ನೆಯೇ ನಮ್ಮನ್ನು ಇಳಿವಯಸ್ಸಿನಲ್ಲಿ ವಿದ್ಯಾರ್ಥಿಗಳನ್ನಾಗಿ ಮಾಡಿತು.

ವ್ಯಾಕರಣಕ್ಕೊಂದು ಕಲ್ಲಿನ ಮೂರ್ತಿ

ಪೆರೂಜಾ ವಿದ್ಯೆಗೆ ಹೆಸರಾದ ಊರು. ಅಲ್ಲಿಯ ವಿಶ್ವವಿದ್ಯಾಲಯ 1308ರಷ್ಟು ಹಳೆಯದು. ಅದಲ್ಲದೆ ಪರದೇಶದವರಿಗೆ ಇಟಾಲಿಯನ್ ಭಾಷೆ, ಸಂಸ್ಕೃತಿಗಳನ್ನು ಬೋಧಿಸುವುದಕ್ಕೆಂದೇ ಮತ್ತೊಂದು ವಿಶ್ವವಿದ್ಯಾಲಯವೂ ಅಲ್ಲಿದೆ. ಆಸ್ತೋರ್ರೆ ಲುಪಾತ್ತೆಲ್ಲಿ ಎಂಬವರು 1921ರಲ್ಲಿ ಆರಂಭಿಸಿದ ತರಗತಿಗಳೇ ಅದರ ಮೂಲ. 1925ರಲ್ಲಿ ಅದಕ್ಕೆ ವಿಶ್ವವಿದ್ಯಾಲಯದ ಸ್ಥಾನ ದೊರೆಯಿತು. 1927ರಿಂದ ಅದರ ನೆಲೆ ಗಾಲ್ಲೆಂಗಾ ಅರಮನೆ. ಅರಮನೆಯ ಎದುರಿಗೇ ಎತ್ರುಸ್ಕನ್ ಜನರು ಕಟ್ಟಿದ ಹೆಬ್ಬಾಗಿಲು ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ನಿಂತಿದೆ. ಆ ಎತ್ರುಸ್ಕನ್ ಜನರ ಭಾಷೆಯನ್ನು ಆಡುವವರು ಇಂದು ಭೂಮಿಯ ಮೇಲೆ ಒಬ್ಬರೂ ಇಲ್ಲ. ಭಾಷೆ ಕಲಿಸುವ ಮನೆಯ ಎದುರಿಗೆ ಭಾಷೆ ಅಳಿದ ಜನರ ಬಾಗಿಲು! ಪ್ರತಿದಿನ ಅದನ್ನು ದಾಟಿ ತರಗತಿಗೆ ಹೋಗುವಾಗ ಮನೆಯಲ್ಲಿರುವ ಮಗುವಿನ ನೆನಪಾಗದೆ ಇರುತ್ತಿರಲಿಲ್ಲ.

ಊರಿನ ನಡು ಚೌಕದಲ್ಲಿ 'ಫೊಂತಾನಾ ಮಾಜ್ಜೋರೆ' ಎಂಬ ದೊಡ್ಡ ಕಾರಂಜಿಯಿದೆ. ನಿಕೋಲಾ ಪಿಸಾನೋ ಮತ್ತು ಅವನ ಮಗ ಜೊವಾನ್ನಿ 1275ರಿಂದ 1278ರ ಅವಧಿಯಲ್ಲಿ ಕಡೆದ ಶಿಲ್ಪ. ಅದರ ಕೆಳಗಿನ ತೊಟ್ಟಿಯ ಸುತ್ತ ಹನ್ನೆರಡು ತಿಂಗಳ ಬೇಸಾಯದ ಕೆಲಸಗಳ ಜೊತೆಗೆ ಏಳು ವಿದ್ಯೆಗಳನ್ನೂ ಕೆತ್ತಿದ್ದಾರೆ. ಆ ವಿದ್ಯೆಗಳಲ್ಲಿ ವ್ಯಾಕರಣವೂ ಒಂದು. ಬಾಲಕನಿಗೆ ಓದು ಕಲಿಸುವ ಸ್ತ್ರೀಯಾಗಿ ಅದನ್ನು ರೂಪಿಸಿದ್ದಾರೆ. ಬಿತ್ತುವುದು, ಕೊಯ್ಯುವುದು, ಓದು ಕಲಿಸುವುದು ಇವೆಲ್ಲವೂ ಒಂದೇ ಕಲ್ಲಿನ ಸಾಲಿನಲ್ಲಿ ಸಮಾನವಾಗಿ ಕುಳಿತಿವೆ. ಕಾಯಕವನ್ನು ಗೌರವಿಸುವ ಮನೆತನದವರಿಗೆ ಅದು ಮೆಚ್ಚುಗೆಯಾಗುವ ನೋಟ.

ಕನ್ನಡದ ಬಾಯಿಗೆ ಒಗ್ಗುವ ನುಡಿ

ಇಟಾಲಿಯನ್ ವರ್ಣಮಾಲೆಯಲ್ಲಿ ಇಪ್ಪತ್ತೊಂದೇ ಅಕ್ಷರಗಳು. ಇಂಗ್ಲಿಷಿನಂತೆ ಬರೆಯುವುದೊಂದು ಓದುವುದೊಂದು ಎಂಬ ಗೊಂದಲ ಬಹಳ ಕಡಿಮೆ. ಕೆಲವು ನಿಯಮಗಳನ್ನು ಮನನ ಮಾಡಿಕೊಂಡರೆ ಅರ್ಥ ತಿಳಿಯದಿದ್ದರೂ ಅಂಗಡಿಯ ಫಲಕಗಳನ್ನೆಲ್ಲ ಓದಬಹುದು. 'ಸಿ' ಅಕ್ಷರದ ಮುಂದೆ ಅ, ಒ, ಉ ಬಂದರೆ ಅದು ಕಕಾರ. ಇ, ಎ ಬಂದರೆ ಚಕಾರ. 'ಜಿ' ಅಕ್ಷರವೂ ಹೀಗೆಯೇ, ಕೆಲವೆಡೆ ಗಕಾರ, ಕೆಲವೆಡೆ ಜಕಾರ. ಊರಿನ ಹೆಸರಿನ ಕೊನೆಯಲ್ಲಿ 'ಜಿ-ಐ-ಎ' ಎಂದು ಬರೆದು 'ಜಾ' ಎಂದು ಓದುವುದು ಇದೇ ಕಾರಣಕ್ಕೆ. ಅಲ್ಲಿಯ ಇಕಾರ ಗಕಾರವನ್ನು ಜಕಾರ ಮಾಡಿ ತಾನು ಮರೆಯಾಗುತ್ತದೆ. 'ಎಚ್' ಬರೆದರೂ ಉಚ್ಚಾರವಿಲ್ಲ. ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕುಳಿತಂತಿರುವ ಞಕಾರಕ್ಕೆ ಅಲ್ಲಿ ದಿನವೂ ಉದ್ಯೋಗ. 'ಜಿ-ಎನ್' ಎಂದು ಜೊತೆಯಾಗಿ ಬರೆದಲ್ಲೆಲ್ಲ ಅದೇ ಧ್ವನಿ. ಟ, ಡ ಎಂಬ ಗಡಸು ಅಕ್ಷರಗಳಿಲ್ಲ. ಎಲ್ಲವೂ ತ, ದ. ಆದುದರಿಂದ ಅವರ ಬಾಯಲ್ಲಿ ಅವರ ದೇಶ 'ಇತಾಲಿಯಾ'.

ಇನ್ನೂ ಹತ್ತಿರದ ನಂಟೆಂದರೆ ಸ್ವರಾಂತ ಶಬ್ದಗಳು. ಬಸ್ಸು, ಕಾರು, ಬ್ಯಾಂಕು ಎಂದು ಬಂದ ಪದಗಳಿಗೂ ಕೊನೆಯಲ್ಲಿ ಸ್ವರ ಸೇರಿಸಿಕೊಳ್ಳುವ ಜನ ನಾವು. ಇಟಾಲಿಯನ್ನಿನ ಸ್ವಂತ ಪದಗಳೂ ಬಹುಮಟ್ಟಿಗೆ ಸ್ವರದಲ್ಲೇ ಮುಗಿಯುತ್ತವೆ. ಒತ್ತಕ್ಷರದ ಮಹತ್ವವೂ ಎರಡು ನುಡಿಗಳಲ್ಲಿ ಒಂದೇ. ನಮ್ಮಲ್ಲಿ ಎಲೆ ಬೇರೆ, ಎಲ್ಲೆ ಬೇರೆ. ಹಳಿ ಬೇರೆ, ಹಳ್ಳಿ ಬೇರೆ. ಅವರಲ್ಲಿ 'ನೋನೋ' ಎಂದರೆ ಒಂಬತ್ತನೆಯದು, 'ನೋನ್ನೋ' ಎಂದರೆ ಅಜ್ಜ. 'ಪಾಲಾ' ಎಂದರೆ ಸಲಿಕೆ, 'ಪಾಲ್ಲಾ' ಎಂದರೆ ಚೆಂಡು. ಇಂಗ್ಲಿಷ್ ಮಾತೃಭಾಷೆಯ ಸಹಪಾಠಿಗಳಿಗೆ ಈ ಒತ್ತು ಹಿಡಿಯಲು ವಾರಗಳೇ ಹಿಡಿದವು. ಕನ್ನಡದ ಕಿವಿಗೆ ಅದು ಹುಟ್ಟಿನಿಂದ ಬಂದ ಬಳುವಳಿ.

ಲಿಂಗ ಮತ್ತು ವಚನ

ಲಿಂಗ, ವಚನ ಎಂಬ ಎರಡು ಮಾತುಗಳು ನಮ್ಮ ಮನೆಗಳಲ್ಲಿ ಬೇರೆಯೇ ಆದ ಪವಿತ್ರ ಅರ್ಥದಲ್ಲಿ ಬೆಳಗುತ್ತವೆ. ವ್ಯಾಕರಣದಲ್ಲಿ ಅವುಗಳ ಅರ್ಥ ಬೇರೆ. ಇಟಾಲಿಯನ್ ಕಲಿಯುವವನಿಗೆ ಮೊದಲ ಏರು ದಾರಿ ಇವೆರಡೇ.

ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ. ಕಲ್ಲು, ಮೇಜು, ಮನೆ ಎಲ್ಲವೂ ನಪುಂಸಕ. ಇಟಾಲಿಯನ್ನಿನಲ್ಲಿ ನಪುಂಸಕವೇ ಇಲ್ಲ. ಜಡವಸ್ತುವಿಗೂ ಪುಲ್ಲಿಂಗವೋ ಸ್ತ್ರೀಲಿಂಗವೋ ಇರಲೇಬೇಕು. ಪುಸ್ತಕ 'ಲಿಬ್ರೋ' ಗಂಡು, ಮನೆ 'ಕಾಸಾ' ಹೆಣ್ಣು. ಓಕಾರಾಂತವಾದುದು ಸಾಮಾನ್ಯವಾಗಿ ಪುಲ್ಲಿಂಗ, ಆಕಾರಾಂತವಾದುದು ಸ್ತ್ರೀಲಿಂಗ. ಎಕಾರಾಂತವಾದುದು ಎರಡೂ ಆಗಬಹುದು: ಹೂವು 'ಫಿಯೋರೆ' ಪುಲ್ಲಿಂಗ, ಕೀಲಿಕೈ 'ಕಿಯಾವೆ' ಸ್ತ್ರೀಲಿಂಗ. ಅಪವಾದಗಳೂ ಉಂಟು. ಕೈ ಎಂಬರ್ಥದ 'ಮಾನೋ' ಓಕಾರಾಂತವಾಗಿದ್ದರೂ ಸ್ತ್ರೀಲಿಂಗ; ಗ್ರೀಕ್ ಮೂಲದ 'ಪ್ರೊಬ್ಲೇಮಾ' ಆಕಾರಾಂತವಾಗಿದ್ದರೂ ಪುಲ್ಲಿಂಗ.

ಬಹುವಚನಕ್ಕೆ ನಮ್ಮಂತೆ 'ಗಳು' ಸೇರಿಸುವುದಿಲ್ಲ. ಕೊನೆಯ ಸ್ವರವನ್ನೇ ಬದಲಿಸುತ್ತಾರೆ. 'ಲಿಬ್ರೋ' ಎಂಬುದು 'ಲಿಬ್ರಿ', 'ಕಾಸಾ' ಎಂಬುದು 'ಕಾಸೆ', 'ಫಿಯೋರೆ' ಎಂಬುದು 'ಫಿಯೋರಿ'. ಈಗ ನಮ್ಮ ಪಟ್ಟಣಗಳ ಮಕ್ಕಳೂ ಬಲ್ಲ 'ಸ್ಪಾಗೆತ್ತಿ' ಎಂಬುದು ಬಹುವಚನವೇ. ಅದರ ಒಂದೆಳೆ 'ಸ್ಪಾಗೆತ್ತೋ'. ನಾಮಪದದ ಮುಂದೆ ಇಲ್, ಲೋ, ಲಾ, ಇ, ಳಿ, ಲೆ ಎಂಬ ಉಪಪದಗಳು ಲಿಂಗ-ವಚನಗಳಿಗೆ ತಕ್ಕಂತೆ ಬರಬೇಕು. ವಿಶೇಷಣವೂ ಹೊಂದಿಕೊಳ್ಳಬೇಕು: ಒಳ್ಳೆಯ ಹುಡುಗ 'ಬುವೋನೋ', ಒಳ್ಳೆಯ ಹುಡುಗಿ 'ಬುವೋನಾ'.

ಈ ಪಾಠ ಅಡುಗೆಮನೆಗೂ ಬೇಕಾಯಿತು. ಸಸ್ಯಾಹಾರಿ ಮನೆಯವರಿಗೆ ಅಲ್ಲಿ ಬಹಳ ಉಪಕಾರಿಯಾದ ಪದ 'ಸೆಂತ್ಸಾ', ಎಂದರೆ 'ಇಲ್ಲದೆ'. 'ಸೆಂತ್ಸಾ ಕಾರ್ನೆ' ಎಂದರೆ ಮಾಂಸವಿಲ್ಲದೆ. ಅದೊಂದೇ ಸಾಲದು. ತರಕಾರಿ ಸಾರಿನ ಮೂಲದಲ್ಲಿ ಮಾಂಸದ ರಸವಿರಬಹುದು, ರೊಟ್ಟಿಯ ಹಿಟ್ಟಿನಲ್ಲಿ ಪ್ರಾಣಿಯ ಕೊಬ್ಬು ಇರಬಹುದು, ಹೆಸರಾಂತ ಪಾರ್ಮಿಜಾನೋ ಗಿಣ್ಣನ್ನು ಕರುವಿನ ಜಠರದಿಂದ ತೆಗೆದ ಹೆಪ್ಪು ಹಾಕಿ ಮಾಡುತ್ತಾರೆ. ಇವನ್ನೆಲ್ಲ ವಿನಯದಿಂದ, ಸ್ಪಷ್ಟವಾಗಿ ಕೇಳಿ ತಿಳಿಯಲು ವ್ಯಾಕರಣವೇ ದಾರಿ. ಪೆರೂಜಾದಲ್ಲಿ 'ತೋರ್ತಾ ಅಲ್ ತೆಸ್ತೋ' ಎಂಬ ದಪ್ಪ ರೊಟ್ಟಿಯಿದೆ. ಕಾದ ದುಂಡು ಹಂಚಿನ ಮೇಲೆ ಸುಡುತ್ತಾರೆ. ಕೊಬ್ಬು ಬೆರೆಸದ ರೊಟ್ಟಿಯನ್ನು ಕೇಳಿ ಪಡೆದು, ಬೇಯಿಸಿದ ಸೊಪ್ಪಿನೊಡನೆ ಉಂಡಾಗ ಊರಿನ ರೊಟ್ಟಿಯ ನೆನಪಾಯಿತು.

ಕ್ರಿಯಾಪದವೂ ಗೌರವವೂ

ಕ್ರಿಯಾಪದಕ್ಕೆ ಬಂದಾಗ ಕನ್ನಡಿಗನಿಗೆ ಮತ್ತೆ ಮನೆಗೆ ಬಂದ ಅನುಭವ. 'ಮಾತನಾಡುತ್ತೇನೆ' ಎಂದರೆ ಸಾಕು, 'ನಾನು' ಎನ್ನಬೇಕಾಗಿಲ್ಲ. ಪ್ರತ್ಯಯವೇ ಕರ್ತೃವನ್ನು ಸೂಚಿಸುತ್ತದೆ. ಅಲ್ಲಿಯೂ ಹಾಗೆಯೇ: ಪಾರ್ಲೋ, ಪಾರ್ಲಿ, ಪಾರ್ಲಾ, ಪಾರ್ಲಿಯಾಮೋ, ಪಾರ್ಲಾತೆ, ಪಾರ್ಲಾನೋ. ನಾನು, ನೀನು, ಅವನು ಅಥವಾ ಅವಳು, ನಾವು, ನೀವು, ಅವರು ಈ ಆರೂ ಅದರಲ್ಲೇ ಅಡಗಿವೆ. 'ನನಗೆ ಅನ್ನ ಇಷ್ಟ' ಎಂಬಲ್ಲಿ ನಾವು ಚತುರ್ಥಿ ವಿಭಕ್ತಿ ಬಳಸುತ್ತೇವೆ. ಇಂಗ್ಲಿಷಿನವರು 'ನಾನು' ಎಂದು ಆರಂಭಿಸುತ್ತಾರೆ. ಇಟಾಲಿಯನ್ನರು ನಮ್ಮಂತೆಯೇ 'ಮಿ ಪಿಯಾಚೆ', 'ನನಗೆ ಇಷ್ಟವಾಗುತ್ತದೆ' ಎನ್ನುತ್ತಾರೆ. ಆದರೆ ಹಸಿವು, ವಯಸ್ಸುಗಳ ವಿಷಯದಲ್ಲಿ ದಾರಿ ಬೇರೆ. ನಮಗೆ ಹಸಿವು ಆಗುತ್ತದೆ. ಅವರು ಹಸಿವನ್ನು 'ಹೊಂದಿರುತ್ತಾರೆ'. ನಮಗೆ ಅರವತ್ತು ವರ್ಷವಾಗುತ್ತದೆ. ಅವರು ಅರವತ್ತು ವರ್ಷಗಳನ್ನು 'ಹೊಂದಿರುತ್ತಾರೆ'.

ಹಿರಿಯರನ್ನು ಏಕವಚನದಲ್ಲಿ ಕರೆಯಬಾರದೆಂಬ ಸಂಸ್ಕಾರ ಅಲ್ಲಿಯೂ ಇದೆ. ಆತ್ಮೀಯರಿಗೆ 'ತೂ'. ಹಿರಿಯರಿಗೆ, ಅಪರಿಚಿತರಿಗೆ 'ಲೇಯಿ'. ವಿಚಿತ್ರವೆಂದರೆ 'ಲೇಯಿ' ಎಂಬುದರ ನೇರ ಅರ್ಥ 'ಅವಳು'. ಗಂಡಸನ್ನೂ ಗೌರವದಿಂದ ಮಾತನಾಡಿಸುವಾಗ ಅದೇ ಸರ್ವನಾಮ, ಕ್ರಿಯಾಪದ ಪ್ರಥಮಪುರುಷದ ಏಕವಚನ. ಮುಸೊಲಿನಿಯ ಸರಕಾರ 1938ರಲ್ಲಿ ಈ ಬಳಕೆಯನ್ನು ನಿಲ್ಲಿಸಿ, ಬದಲಿಗೆ ನಮ್ಮ 'ನೀವು' ಎಂಬುದಕ್ಕೆ ಸಮನಾದ 'ವೋಯಿ' ಬಳಸಬೇಕೆಂದು ಕಟ್ಟಪ್ಪಣೆ ಮಾಡಿತು. ಆ ಆಳ್ವಿಕೆ ಅಳಿಯಿತು, 'ಲೇಯಿ' ಉಳಿಯಿತು. ಅಧಿಕಾರದ ಆಜ್ಞೆಗಿಂತ ಅಡುಗೆಮನೆಯ ರೂಢಿ ಗಟ್ಟಿ.

ಜಗತ್ತಿಗೆಲ್ಲ ಪರಿಚಿತವಾದ 'ಚಾವೋ' ಎಂಬ ವಂದನೆಯ ಮೂಲವನ್ನೂ ಅರಿತೆವು. ವೆನಿಸ್ ನಾಡಿನ ಮಾತಿನಲ್ಲಿ ಅದು 'ನಾನು ನಿಮ್ಮ ದಾಸ' ಎಂಬುದರಿಂದ ಬಂದ ಪದ. 'ಶರಣು' ಎಂದು ಪರಸ್ಪರ ವಂದಿಸುವ ನಮಗೆ ಈ ಭಾವ ಹೊಸದಲ್ಲ. ಈಗ ಮಾತ್ರ ಅದು ಸಲಿಗೆಯ ಮಾತಾಗಿದೆ. ಹಿರಿಯರಿಗೆ 'ಬುವೊನ್‌ಜೋರ್ನೋ' ಎನ್ನುವುದೇ ಮರ್ಯಾದೆ.

ಬಂಧುವಾಚಕಗಳಲ್ಲಿ ಅವರ ನುಡಿ ಬಡವು. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರೂ 'ತ್ಸೀಯೋ'. 'ನಿಪೋತೆ' ಎಂದರೆ ಮೊಮ್ಮಗನೂ ಹೌದು, ಮೊಮ್ಮಗಳೂ ಹೌದು, ಒಡಹುಟ್ಟಿದವರ ಮಕ್ಕಳೂ ಹೌದು. 'ಸೋದರಮಾವ' ಎಂಬ ಪದವನ್ನು ಮರೆತ ಮಗು ಆ ನಂಟಿನ ಬೆಲೆಯನ್ನೂ ಕ್ರಮೇಣ ಮರೆಯುತ್ತದೆ. ಮೊಮ್ಮಗನ ಕನ್ನಡದ ಬಗೆಗಿನ ನಮ್ಮ ಕಳವಳ ಇಲ್ಲಿ ಇನ್ನಷ್ಟು ಹೆಚ್ಚಿತು.

ಅಸ್ಸೀಸಿಯ ದಾರಿಯಲ್ಲಿ

ಒಂದು ಭಾನುವಾರ ಮಗ-ಸೊಸೆಯರೊಡನೆ ಸಮೀಪದ ಅಸ್ಸೀಸಿಗೆ ಹೋದೆವು. ಬಟ್ಟೆ ವ್ಯಾಪಾರಿಯ ಮಗನಾಗಿ ಹುಟ್ಟಿ, ತಂದೆಯ ಸಂಪತ್ತನ್ನೆಲ್ಲ ತೊರೆದು, ಬಡವರ, ಕುಷ್ಠರೋಗಿಗಳ ನಡುವೆ ಬಾಳಿ, 1226ರಲ್ಲಿ ತೀರಿಕೊಂಡ ಸಂತ ಫ್ರಾನ್ಸಿಸನ ಊರು ಅದು. ಅವನು ಕೊನೆಗಾಲದಲ್ಲಿ ರಚಿಸಿದ ಸೃಷ್ಟಿಸ್ತುತಿ ಲ್ಯಾಟಿನ್ ಭಾಷೆಯಲ್ಲಿಲ್ಲ, ಉಂಬ್ರಿಯಾದ ಜನರಾಡುವ ಮಾತಿನಲ್ಲಿದೆ. ಇಟಾಲಿಯನ್ ಸಾಹಿತ್ಯದ ಇತಿಹಾಸ ಬರೆಯುವವರು ಅಲ್ಲಿಂದಲೇ ಆರಂಭಿಸುವುದುಂಟು. ಅದರಲ್ಲಿ ಅವನು ಸೂರ್ಯನನ್ನು ಸಹೋದರನೆಂದೂ ಚಂದ್ರನನ್ನು ಸಹೋದರಿಯೆಂದೂ ಕರೆಯುತ್ತಾನೆ. ಗಾಳಿ, ಬೆಂಕಿ ಸಹೋದರರು, ನೀರು ಸಹೋದರಿ. ವ್ಯಾಕರಣ ಕಲಿತ ಮೇಲೆ ಇದರ ಸೊಗಸು ತಿಳಿಯುತ್ತದೆ. 'ಸೋಲೆ' ಪುಲ್ಲಿಂಗ, 'ಲೂನಾ' ಸ್ತ್ರೀಲಿಂಗ, 'ಆಕ್ವಾ' ಸ್ತ್ರೀಲಿಂಗ. ಶಾಲೆಯಲ್ಲಿ ಒಣ ನಿಯಮವೆನಿಸಿದ ಲಿಂಗಭೇದ ಆ ವಿರಕ್ತನ ಬಾಯಲ್ಲಿ ಬಾಂಧವ್ಯವಾಯಿತು.

ಅವನಿಗಿಂತ ಹಲವು ದಶಕಗಳ ಮೊದಲೇ ನಮ್ಮ ಶರಣರು ಕಲ್ಯಾಣದಲ್ಲಿ ಜನರ ನುಡಿಯಲ್ಲೇ ಅನುಭಾವವನ್ನು ಸಾರಿದ್ದರು. ಪರಸ್ಪರ ಅರಿಯದ ಎರಡು ನಾಡುಗಳಲ್ಲಿ ಹೃದಯದ ಮಾತಿಗೆ ಮನೆಯ ಮಾತೇ ಬೇಕಾಯಿತು. ಮುಂದೆ ಕವಿ ದಾಂತೆ, ತಾಯಿ-ದಾದಿಯರಿಂದ ನಿಯಮಗಳಿಲ್ಲದೆ ಕಲಿಯುವ ನುಡಿಯೇ ವ್ಯಾಕರಣದಿಂದ ಕಲಿಯುವ ನುಡಿಗಿಂತ ಶ್ರೇಷ್ಠವೆಂದು ಒಂದು ಗ್ರಂಥವನ್ನೇ ಬರೆದನು. ಪಂಡಿತರು ಓದಲೆಂದು ಅದನ್ನು ಲ್ಯಾಟಿನ್ನಿನಲ್ಲಿ ಬರೆದನು.

ಇಷ್ಟಿದ್ದರೂ 1861ರಲ್ಲಿ ಇಟಲಿ ಒಂದು ರಾಜ್ಯವಾದಾಗ ಇಟಾಲಿಯನ್ ಬಲ್ಲವರು ನೂರಕ್ಕೆ ಎರಡೂವರೆಯಷ್ಟೇ ಇದ್ದರೆಂದು ಭಾಷಾವಿದ್ವಾಂಸ ತುಲ್ಲಿಯೋ ದೆ ಮೌರೋ ಅಂದಾಜು ಮಾಡಿದ್ದಾರೆ. ಉಳಿದವರೆಲ್ಲ ತಂತಮ್ಮ ಸೀಮೆಯ ಮಾತಿನವರು. ಶಾಲೆ, ಸೈನ್ಯ, ವಲಸೆ, ರೇಡಿಯೋ, ದೂರದರ್ಶನಗಳು ಒಂದು ನುಡಿಯನ್ನು ಎಲ್ಲರಿಗೂ ಮುಟ್ಟಿಸಿದವು. 1960ರಿಂದ 1968ರವರೆಗೆ ಆಲ್ಬೆರ್ತೋ ಮಾಂತ್ಸಿ ಎಂಬ ಶಾಲಾಮಾಸ್ತರರು ಅಲ್ಲಿಯ ದೂರದರ್ಶನದಲ್ಲಿ ಅನಕ್ಷರಸ್ಥ ವಯಸ್ಕರಿಗೆ ಓದು-ಬರಹ ಕಲಿಸಿದರು. ಆ ಕಾರ್ಯಕ್ರಮದ ಹೆಸರಿಗೆ 'ಕಲಿಯಲು ಎಂದಿಗೂ ತಡವಾಗಿಲ್ಲ' ಎಂಬ ಭಾವ. ನಮ್ಮಂಥವರಿಗೆ ಇದಕ್ಕಿಂತ ಧೈರ್ಯದ ಮಾತು ಬೇಕೆ?

ಇಕ್ಕೇರಿಯನ್ನು ಕಂಡ ರೋಮಿನವನು

ಇಟಲಿಗೂ ನಮ್ಮ ನಾಡಿಗೂ ಹಳೆಯದೊಂದು ನಂಟಿದೆ. ರೋಮ್ ನಗರದ ಪಿಯೆತ್ರೋ ದೆಲ್ಲಾ ವಾಲ್ಲೆ ಎಂಬ ಪ್ರವಾಸಿ 1623ರಲ್ಲಿ ಗೋವೆಯಿಂದ ಪೋರ್ಚುಗೀಸ್ ರಾಯಭಾರಿಯೊಡನೆ ಹೊರಟು, ಹೊನ್ನಾವರ, ಗೇರುಸೊಪ್ಪೆಗಳ ಮಾರ್ಗವಾಗಿ ಘಟ್ಟವೇರಿ, ವೆಂಕಟಪ್ಪ ನಾಯಕರು ಆಳುತ್ತಿದ್ದ ಇಕ್ಕೇರಿಗೆ ಬಂದನು. ಅಘೋರೇಶ್ವರ ದೇವಾಲಯವನ್ನು ಕಂಡನು. ಕಂಡುದನ್ನೆಲ್ಲ ನೇಪಲ್ಸ್ ನಗರದಲ್ಲಿದ್ದ ಸ್ನೇಹಿತನಿಗೆ ಇಟಾಲಿಯನ್ ಭಾಷೆಯಲ್ಲಿ ಪತ್ರಗಳಾಗಿ ಬರೆದನು. ಭಾರತದ ಪತ್ರಗಳು ಅವನು ತೀರಿದ ಮೇಲೆ 1663ರಲ್ಲಿ ಅಚ್ಚಾದವು.

'ದಿ' ಎಂದರೆ ಷಷ್ಠೀ ವಿಭಕ್ತಿಯ 'ಅ'ಕಾರದಂತೆ. ಅದು 'ಲಾ' ಎಂಬ ಉಪಪದದೊಡನೆ ಕೂಡಿ 'ದೆಲ್ಲಾ' ಆಗುತ್ತದೆ. 'ವಾಲ್ಲೆ' ಎಂದರೆ ಕಣಿವೆ. 'ಕಣಿವೆಯ ಪಿಯೆತ್ರೋ' ಎಂದು ಅವನ ಹೆಸರು ನಮಗೆ ಅರ್ಥವಾದ ದಿನ ಹಿರಿಹಿರಿ ಹಿಗ್ಗಿದೆವು. ಅವನ ಪತ್ರಗಳಲ್ಲಿ ಇನ್ನೊಂದು ಪದವಿದೆ: 'ಜಂಗಾಮಿ'. ನಮ್ಮ ನಾಡಿನ ವಿರಕ್ತರನ್ನು ಅವರ ಭಾಷೆಯಲ್ಲಿ ಹೀಗೆ ಕರೆಯುತ್ತಾರೆಂದು ಅವನು ಬರೆಯುತ್ತಾನೆ. ಅದು ನಮ್ಮ 'ಜಂಗಮ' ಶಬ್ದವೇ. 'ಲಿಬ್ರೋ' ಎಂಬುದು 'ಲಿಬ್ರಿ' ಆದಂತೆ ಜಂಗಮರು 'ಜಂಗಾಮಿ' ಆಗಿದ್ದಾರೆ, ಪುಲ್ಲಿಂಗ, ಬಹುವಚನ! ನಾನೂರು ವರ್ಷಗಳ ಹಿಂದೆ ಕನ್ನಡದ ಪದವೊಂದು ಇಟಾಲಿಯನ್ ವ್ಯಾಕರಣದ ಉಡುಗೆ ತೊಟ್ಟು ಸಮುದ್ರ ದಾಟಿತ್ತು. ಮೊದಲ ವಾರದ ಪಾಠ ನಮಗೆ ತೆರೆದ ಬಾಗಿಲು ಇದು.

ಅದೇ ಪ್ರವಾಸದಲ್ಲಿ ಘಟ್ಟದ ಮೇಲಿನ ಗುಡಿಯೊಂದರ ಮುಖಮಂಟಪದಲ್ಲಿ ಅವನು ನಾಲ್ವರು ಬಾಲಕರನ್ನು ಕಂಡನು. ಒಬ್ಬನು ಪಾಠವನ್ನು ರಾಗವಾಗಿ ಹೇಳುತ್ತ, ನೆಲದ ಮೇಲೆ ಹರಡಿದ ನುಣ್ಣನೆಯ ಮರಳಿನಲ್ಲಿ ಬೆರಳಿನಿಂದ ಬರೆಯುತ್ತಿದ್ದನು. ಉಳಿದವರೂ ಹಾಗೆಯೇ ಹಾಡಿ ಬರೆಯುತ್ತಿದ್ದರು. ಮರಳು ತುಂಬಿದಾಗ ಅಳಿಸಿ ಮತ್ತೆ ಹರಡುತ್ತಿದ್ದರು. ಗುರುವಿಲ್ಲದಾಗ ಮರೆತರೆ ತಿದ್ದುವವರಾರು ಎಂದು ಕೇಳಿದಾಗ, ನಾಲ್ವರೂ ಒಂದೇ ಭಾಗವನ್ನು ಮರೆಯುವುದು ಅಸಾಧ್ಯ, ಒಬ್ಬರಿಗೊಬ್ಬರು ನೆನಪಿಸುತ್ತೇವೆ ಎಂದು ಮಕ್ಕಳು ಉತ್ತರಿಸಿದರಂತೆ. ಆ ವಿಧಾನ ಸುಲಭವೂ ಭದ್ರವೂ ಆದುದೆಂದು ಅವನು ಮೆಚ್ಚಿದ್ದಾನೆ.

ಪರಾತದಲ್ಲಿ ರವೆ

ಕನ್ನಡನಾಡಿನ ಮಕ್ಕಳು ಕಲಿಸಿದ ಈ ಪಾಠ ಇಟಾಲಿಯನ್ ಪತ್ರದ ಮೂಲಕ ಪೆರೂಜಾದಲ್ಲಿ ನಮ್ಮ ಕೈಸೇರಿತು. ಅಂಗಡಿಯಿಂದ 'ಸೆಮೋಲಾ', ಎಂದರೆ ಗೋಧಿ ರವೆ, ತಂದು ಪರಾತದಲ್ಲಿ ಹರಡಿದೆವು. ಬೆಳಗಿನ ಪೂಜೆ ಮುಗಿದ ಮೇಲೆ ಮೊಮ್ಮಗನನ್ನು ನಡುವೆ ಕೂಡಿಸಿಕೊಂಡು ಅ, ಆ, ಇ, ಈ ಎಂದು ರಾಗವಾಗಿ ಹೇಳುತ್ತ ಬೆರಳಿನಿಂದ ಬರೆದೆವು. ಅವನು ಒಂದು ಕನ್ನಡ ಪದ ಬರೆದರೆ ನಾವು ಅದರ ಇಟಾಲಿಯನ್ ಪದ ಬರೆಯಬೇಕೆಂದು ಒಪ್ಪಂದ. ಮನೆ-ಕಾಸಾ, ನೀರು-ಆಕ್ವಾ, ಚಂದ್ರ-ಲೂನಾ. ಅಜ್ಜ-ಅಜ್ಜಿಯೂ ತನ್ನಂತೆ ಶಾಲೆಗೆ ಹೋಗುತ್ತಾರೆ, ಮನೆಗೆಲಸದ ಪಾಠ ಬರೆಯುತ್ತಾರೆ ಎಂಬುದೇ ಅವನಿಗೆ ದೊಡ್ಡ ಉತ್ಸಾಹ. ತನ್ನ ಭಾಷೆಯನ್ನು ಹಿರಿಯರು ಆದರದಿಂದ ಕಲಿಯುವುದನ್ನು ಕಂಡ ಮಗು ಹಿರಿಯರ ಭಾಷೆಯತ್ತ ತಾನಾಗಿಯೇ ತಿರುಗಿತು. ಮೂರನೆಯ ತಿಂಗಳಲ್ಲಿ ಅವನು ಊಟಕ್ಕೆ ಕುಳಿತು 'ಅಜ್ಜಿ, ಇನ್ನೊಂದು ರೊಟ್ಟಿ ನೀಡು' ಎಂದಾಗ ಒತ್ತಕ್ಷರಗಳು ಮೂರೂ ಸ್ಪಷ್ಟವಾಗಿದ್ದವು.

ಪರದೇಶದಲ್ಲಿ, ಪರಪ್ರಾಂತದಲ್ಲಿ ಮಕ್ಕಳಿರುವ ಓದುಗ ಬಂಧುಗಳಲ್ಲಿ ನಮ್ಮದೊಂದು ಅರಿಕೆ. ಮೊಮ್ಮಕ್ಕಳಿಗೆ ಕನ್ನಡ ಬಾರದೆಂದು ಮರುಗುತ್ತ ಕುಳಿತುಕೊಳ್ಳುವುದು ಬೇಡ. ಮಗ-ಸೊಸೆಯರನ್ನು ದೂರುವುದೂ ಬೇಡ. ಅವರಾಡುವ ನುಡಿಯ ಹತ್ತು ಪದಗಳನ್ನು ನಾವು ಮೊದಲು ಕಲಿಯೋಣ. ಎರಡು ನುಡಿಗಳನ್ನು ಹೊರುವ ಶಕ್ತಿ ಮಗುವಿಗೆ ಸಹಜವಾಗಿಯೇ ಇದೆ. ಆದರೆ ಮನೆಯೊಳಗೆ ಕನ್ನಡ ಆಡುವವರು, ಅದರಲ್ಲಿ ಕಥೆ ಹೇಳುವವರು ದಿನವೂ ಇರಬೇಕು. ನಮ್ಮ ಮೊಮ್ಮಗನ ಪಾಠ ಈಗ ವಾರಕ್ಕೆ ಮೂರು ದಿನ ದೂರವಾಣಿಯ ಪರದೆಯ ಮೇಲೆ ಮುಂದುವರಿದಿದೆ. ಅಲ್ಲಿ ಒಂದು ಪರಾತ, ಇಲ್ಲಿ ಒಂದು ಪರಾತ. ಅವನು ಕಾಗುಣಿತದಲ್ಲಿದ್ದಾನೆ, ನಾವು ಭೂತಕಾಲದ ಕ್ರಿಯಾಪದಗಳಲ್ಲಿದ್ದೇವೆ.